ಹುಚ್ಚಕ್ಕನ ಬತ್ತಿ ಕಾಪಿ

ಮಾಗಿಯ ಇಬ್ಬನಿಯಲ್ಲಿ ಹುಟ್ಟಿದ ಕುರಿಮರಿ ಒಮ್ಮೊಮ್ಮೆ ಏಳುವುದೇ ಇಲ್ಲ. ತಾಯಿ ಅದನ್ನು ನೆಕ್ಕಿ ನೆಕ್ಕಿ ಸೋತು ಮೇವಿನ ಕಡೆ ಹೋಗಿಬಿಡುತ್ತದೆ. ಮರಿ ಮಾತ್ರ ಕತ್ತನ್ನು ನೆಲಕ್ಕೆ ಚೆಲ್ಲಿ, ಬಾಯೊಳಗೆಲ್ಲ ತಣ್ಣಗಾಗಿ, ಇನ್ನೇನು ಹೋಯಿತು ಎನ್ನುವಂತೆ ಬಿದ್ದಿರುತ್ತದೆ. ಯಲ್ಲದಕೆರೆಯ ಆಸುಪಾಸಿನ ಕುರಿಯವರು ಅಂಥ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ನೇರವಾಗಿ ಹುಚ್ಚಕ್ಕನ ಮನೆಗೆ ತರುತ್ತಿದ್ದರು.

ಹುಚ್ಚಕ್ಕ ಮೊದಲು ಮರಿಯ ಬಾಯಿಗೆ ಬೆರಳಿಟ್ಟು ನೋಡುವಳು. ಆಮೇಲೆ ಒಲೆಯ ಮೇಲೆ ಸದಾ ಇರುತ್ತಿದ್ದ ಮಸಿ ಹಿಡಿದ ಚೆಂಬಿನಿಂದ ಕಪ್ಪು ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿ, ಬೆಲ್ಲ ಕದಡಿ, ಹಳೇ ಪಂಚೆಯ ಮೆತ್ತನೆ ತುಂಡೊಂದನ್ನು ಬತ್ತಿಯ ಹಾಗೆ ಹೊಸೆದು ಅದರಲ್ಲಿ ಅದ್ದುವಳು. ನೆಂದ ಬತ್ತಿಯನ್ನು ಮರಿಯ ನಾಲಿಗೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ರಸ ತೊಟ್ಟುತೊಟ್ಟಾಗಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮರಿಯ ಕಿವಿ ಅಲ್ಲಾಡುತ್ತಿತ್ತು. ನಂತರ ಬಾಲ. ಮುಂಗಾಲು ಮಡಿಸಿ ಏಳಲು ನೋಡಿ ಒಮ್ಮೆ ಬಿದ್ದು, ಮತ್ತೆ ಎದ್ದು, ಹಾಲಿಗಾಗಿ ಹುಚ್ಚಕ್ಕನ ಸೆರಗನ್ನೇ ಚೀಪುತ್ತಿತ್ತು.

"ನಿನ್ ಕಾಪಿ ಕುಡುದ್ರೆ ಸತ್ತೋನೂ ಎದ್ದು ಕುರಿ ಅಟ್ಕಂಡು ಹೋಗ್ತಾನೆ ಕಣೇ," ಎಂದು ಗಂಡ ಚಿತ್ತಯ್ಯ ತಮಾಷೆ ಮಾಡುತ್ತಿದ್ದ.

"ನೀನು ದಿನಾ ಹಂಗೇ ಎದ್ದು ಹೋಗ್ತಿರೋದು," ಎಂದು ಹುಚ್ಚಕ್ಕ ಒಲೆಯ ಬಳಿಯಿಂದಲೇ ಉತ್ತರಿಸುತ್ತಿದ್ದಳು.

ಈ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ಅವಳ ಅವ್ವ ಪ್ರತಿ ವರ್ಷ ಊರಿನ ಹೆಂಗಸರ ಜೊತೆ ಘಟ್ಟದ ತೋಟಗಳಿಗೆ ಕಾಫಿಹಣ್ಣು ಬಿಡಿಸಲು ಹೋಗಿ, ಬರುವಾಗ ಕಣದಲ್ಲಿ ಉಳಿದ ಬೀಜವನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬರುತ್ತಿದ್ದಳು. ಅದನ್ನು ಹಂಚಿನಲ್ಲಿ ಹುರಿದು, ಒರಳಲ್ಲಿ ಕುಟ್ಟಿದ ದಿನ ಓಣಿಗೆಲ್ಲ ಘಮ. ಅಪ್ಪ ಹೊಲದಲ್ಲಿ ಮಂದೆ ಬಿಟ್ಟುಕೊಂಡು ಇರುಳೆಲ್ಲ ಎಚ್ಚರವಿರುತ್ತಿದ್ದದ್ದು ಅದೇ ಕಾಫಿಯ ಬಲದ ಮೇಲೆ. ಒಂದು ಬೆಳಿಗ್ಗೆ ಚಳಿಗೆ ಬಿದ್ದ ಮರಿಯ ಬಾಯಿಗೂ ಅದನ್ನೇ ಹಿಂಡಿದ. ಮರಿ ಎದ್ದಿತು. ಅಂದಿನಿಂದ ಆ ಮನೆಯಲ್ಲಿ ಕಾಫಿ ಬರೀ ಕಾಫಿಯಾಗಿ ಉಳಿಯಲಿಲ್ಲ, ಔಷಧವಾಯಿತು. ಹಸಿವಾದಾಗ ಹಸಿವಿಗೆ, ತಲೆ ಸಿಡಿದರೆ ತಲೆಗೆ, ದುಃಖವಾದರೆ ದುಃಖಕ್ಕೆ, ಎಲ್ಲಕ್ಕೂ ಅದೇ ಚೆಂಬು.

ಮದುವೆಯಾಗಿ ಯಲ್ಲದಕೆರೆಗೆ ಬಂದ ಮೇಲೆ ಹುಚ್ಚಕ್ಕ ಹಿರಿಯೂರು ಸಂತೆಯಿಂದ ಚಿಕೋರಿ ಬೆರೆಸದ ಪುಡಿ ತರಿಸುತ್ತಿದ್ದಳು. ಬೆಳಿಗ್ಗೆ ಎದ್ದು ಒಂದು ಲೋಟ ಹೊಟ್ಟೆಗೆ ಬೀಳುವ ತನಕ ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಒಂದು ಹೊತ್ತು ತಪ್ಪಿದರೆ ಹಣೆಯ ಎರಡೂ ಕಡೆ ಸುತ್ತಿಗೆ ಬಡಿದಂತಾಗುತ್ತಿತ್ತು. ರಾತ್ರಿ ನಿದ್ದೆ ಬಾರದೆ, ಎದೆ ಡವಡವ ಅನ್ನುವುದನ್ನು ಕೇಳುತ್ತಾ ಮಲಗುವುದು ವಯಸ್ಸಿನ ಗುಣ ಎಂದುಕೊಂಡಿದ್ದಳು. ಅದು ಇಪ್ಪತ್ತರ ಹರೆಯದಲ್ಲೂ ಹಾಗೇ ಇತ್ತು ಎಂಬುದು ಅವಳಿಗೆ ನೆನಪಿರಲಿಲ್ಲ.

ಮಗ ಯೋಗೇಶ ಲಗೇಜ್ ಆಟೋ ಇಟ್ಟುಕೊಂಡು ಹೊಸದುರ್ಗದ ಮಾರುಕಟ್ಟೆಗೆ ತೆಂಗಿನಕಾಯಿ ಲೋಡು ಹೊಡೆಯುತ್ತಿದ್ದ. ಶ್ರೀರಾಂಪುರದ ಹುಡುಗಿ ಗಂಗಾ ಸೊಸೆಯಾಗಿ ಬಂದಳು. ಪಿಯುಸಿ ಓದಿದವಳು, ಮಾತು ಕಡಿಮೆ, ಕೆಲಸ ಜಾಸ್ತಿ. ಮೊದಲ ಬಸಿರು ಮೂರು ತಿಂಗಳಿಗೇ ನಿಲ್ಲದೆ ಹೋಯಿತು. ಎರಡನೆಯದು ನಿಂತಿತು. ಆದರೆ ಗಂಗಾಳಿಗೆ ಅನ್ನ ಕಂಡರೆ ವಾಂತಿ. ಬೆಳಿಗ್ಗೆ ಏಳಲಾರಳು, ಈರುಳ್ಳಿ ಹೊಲಕ್ಕೆ ಹೋದರೆ ಬದುವಿನ ಮೇಲೆಯೇ ತೂಕಡಿಸುವಳು.

ಹುಚ್ಚಕ್ಕ ಸೊಸೆಯ ಕೆನ್ನೆ, ಕಣ್ಣುರೆಪ್ಪೆ ಮುಟ್ಟಿ ನೋಡಿದಳು. ಮೈ ತಣ್ಣಗಿತ್ತು. ಅವಳ ಕೈಗೆ ಗೊತ್ತಿದ್ದ ಉಪಾಯ ಒಂದೇ.

"ಕುಡಿ ತಾಯಿ. ರಕ್ತ ಓಡಾಡ್ತೈತೆ."

ಗಂಗಾ ಕುಡಿದಳು. ಎದ್ದಳು. ಹೊಲಕ್ಕೂ ಹೋದಳು. ಅತ್ತೆ ಸೊಸೆ ಇಬ್ಬರಿಗೂ ಅದು ಗೆಲುವಿನಂತೆ ಕಂಡಿತು. ಮಧ್ಯಾಹ್ನ ಮುದ್ದೆ ಸೇರದಿದ್ದರೆ ಇನ್ನೊಂದು ಲೋಟ, ಸಂಜೆ ಸುಸ್ತಾದರೆ ಮತ್ತೊಂದು. ಆಸ್ಪತ್ರೆಯಿಂದ ಕೊಟ್ಟ ಕಬ್ಬಿಣದ ಮಾತ್ರೆಯನ್ನೂ ಗಂಗಾ ಅದೇ ಕಾಫಿಯ ಜೊತೆ ನುಂಗುತ್ತಿದ್ದಳು. ನೀರಿನಲ್ಲಿ ನುಂಗಿದರೆ ವಾಂತಿಯಾಗುತ್ತಿತ್ತು.

ಆಶಾ ಕಾರ್ಯಕರ್ತೆ ಪುಟ್ಟಕ್ಕ ಒಂದು ದಿನ ಇದನ್ನು ಕಂಡು ಜಗಲಿಯ ಮೇಲೆ ಕುಳಿತೇ ಗದರಿದಳು. "ಹುಚ್ಚಕ್ಕ, ಮಾತ್ರೆ ಜೊತೆಗೆ ಕಾಪಿ ಕೊಡಬ್ಯಾಡ್ರಿ. ಕಬ್ಬಿಣ ಮೈಗೆ ಹತ್ತಲ್ಲ. ಬಸುರಿಗೆ ಇಷ್ಟೊಂದು ಕಾಪಿನೂ ಒಳ್ಳೇದಲ್ಲ. ಕೂಸು ಸಣ್ಣದಾಗ್ತೈತಂತೆ."

"ಎಲ್ಲಿ ಹೇಳಿದ್ರವ್ವ ಅದನ್ನ?"

"ಟ್ರೇನಿಂಗಲ್ಲಿ."

"ಟ್ರೇನಿಂಗಲ್ಲಿ ಕುಡಿಯಾಕೆ ಏನು ಕೊಟ್ರು?"

ಪುಟ್ಟಕ್ಕ ನಕ್ಕುಬಿಟ್ಟಳು. "ಟೀ ಕೊಟ್ರು."

"ನೋಡು ಮತ್ತೆ. ನೀನೀಗ ನಮ್ಮನೇಲಿ ಎರಡನೇ ಲೋಟ ಮುಗಿಸ್ತಾ ಇದೀಯ. ನಾನು ಇದನ್ನೇ ಕುಡುದು ಯೋಗೇಶನ್ನ ಹಡೆದಿಲ್ವಾ? ಅವನೇನು ಕುಳ್ಳಗವ್ನಾ?"

ಯೋಗೇಶ ನಿಜಕ್ಕೂ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಪುಟ್ಟಕ್ಕ ಲೋಟ ಬರಿದುಮಾಡಿ ಎದ್ದಳು. ಯೋಗೇಶನಿಗಿಂತ ಮೊದಲು ಹುಟ್ಟಿ, ಮೊಲೆ ಹಿಡಿಯದೆ ಹೋದ ಎರಡು ಕೂಸುಗಳ ವಿಷಯ ಅವಳಿಗೆ ಗೊತ್ತಿರಲಿಲ್ಲ. ಹುಚ್ಚಕ್ಕನಿಗೆ ಗೊತ್ತಿತ್ತು. ಆದರೆ ಆ ಕೂಸುಗಳನ್ನೂ ಕಾಫಿಯನ್ನೂ ಅವಳು ಯಾವತ್ತೂ ಒಂದರ ಪಕ್ಕ ಒಂದಿಟ್ಟು ನೋಡಿರಲಿಲ್ಲ.

ದಿನ ತುಂಬಲು ಇನ್ನೂ ಬಹಳ ಇರುವಾಗಲೇ ಗಂಗಾಳಿಗೆ ನೋವು ಕಾಣಿಸಿತು. ಹಿರಿಯೂರಿನ ಆಸ್ಪತ್ರೆಯಿಂದ ಜಿಲ್ಲಾ ಕೇಂದ್ರ ದುರ್ಗಕ್ಕೆ ಕಳಿಸಿದರು. ದುರ್ಗದ ಆಸ್ಪತ್ರೆಯೊಂದರಲ್ಲಿ ಹೆಣ್ಣು ಮಗು ಹುಟ್ಟಿತು. ಅಂಗೈ ಮೇಲೆ ಮಲಗಿಸಬಹುದಾದಷ್ಟು ಸಣ್ಣದು, ಮೈತುಂಬ ನವಿರು, ಕಿವಿ ಇನ್ನೂ ಗಟ್ಟಿಯಾಗಿರಲಿಲ್ಲ. ಹುಚ್ಚಕ್ಕನಿಗೆ ಮೊದಲು ನೆನಪಾದದ್ದು ಅವಧಿಗೆ ಮುಂಚೆ ಈದ ಕುರಿಯ ಮರಿ.

ಡಾಕ್ಟರಮ್ಮ ಗಂಗಾಳ ರಕ್ತದ ಪರೀಕ್ಷೆ ನೋಡಿ, ಊಟದ ಬಗ್ಗೆ ವಿಚಾರಿಸಿದರು. ಮಾತು ಕಾಫಿಗೆ ಬಂತು. "ದಿನಕ್ಕೆ ಎಷ್ಟು ಲೋಟ ಕುಡೀತಿದ್ದೆ?" ಗಂಗಾ ಅತ್ತೆಯ ಮುಖ ನೋಡಿದಳು. ಲೆಕ್ಕ ಇಟ್ಟವರು ಯಾರು?

"ಕಾಫಿ ಒಂದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ," ಎಂದರು ಡಾಕ್ಟರಮ್ಮ. "ರಕ್ತ ಇಲ್ಲ, ಊಟ ಇಲ್ಲ, ಬಿಸಿಲಲ್ಲಿ ಕೆಲಸ ಬೇರೆ. ಆದರೆ ನೀವು ಕುಡಿದದ್ದು ಹೊಟ್ಟೆಯಲ್ಲಿರೋ ಮಗೂಗೂ ಹೋಗುತ್ತೆ. ನಮ್ಮ ಮೈ ಅದನ್ನ ಕೆಲವೇ ಗಂಟೆಗಳಲ್ಲಿ ಕರಗಿಸಿ ಹೊರಗೆ ಹಾಕುತ್ತೆ. ಮಗುವಿನ ಮೈಗೆ ಆ ಶಕ್ತಿ ಇರಲ್ಲ. ಯಾರಮ್ಮ ಇವಳಿಗೆ ಇಷ್ಟು ಕುಡಿಸಿದ್ದು?"

ಹುಚ್ಚಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಳು. ಇಷ್ಟು ವರ್ಷದಲ್ಲಿ ಅವಳ ಕಾಫಿಯನ್ನು ಹೀಗೆ ನಾಲ್ಕು ಜನರ ಮುಂದೆ ಬೈದವರು ಯಾರೂ ಇರಲಿಲ್ಲ. ಬೈಸಿಕೊಂಡ ನೋವಿಗಿಂತ, ಸೊಸೆ ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲವಲ್ಲ ಎಂಬುದು ಅವಳನ್ನು ಹೆಚ್ಚು ಚುಚ್ಚಿತು.

ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅದು ಉಸಿರಾಡುತ್ತಾ ಉಸಿರಾಡುತ್ತಾ ಒಮ್ಮೆಲೇ ಉಸಿರನ್ನು ಮರೆತುಬಿಡುತ್ತಿತ್ತು. ಯಂತ್ರ ಕೂಗುತ್ತಿತ್ತು. ಹೊಳಲ್ಕೆರೆ ಕಡೆಯ ನರ್ಸ್ ಸುಚಿತ್ರಾ ಓಡಿ ಬಂದು ಅದರ ಅಂಗಾಲನ್ನು ಬೆರಳಿನಿಂದ ತಟ್ಟುವಳು. ಮಗು ಬೆಚ್ಚಿ ಮತ್ತೆ ಉಸಿರೆಳೆದುಕೊಳ್ಳುತ್ತಿತ್ತು. ಡಾಕ್ಟರು ಒಂದು ಔಷಧಿ ಶುರುಮಾಡಿದರು. ದಿನವೂ ಸುಚಿತ್ರಾ ಸಣ್ಣ ಸಿರಿಂಜಿನಲ್ಲಿ ನೀರಿನಂಥದ್ದನ್ನು ಕೊಡುತ್ತಿದ್ದಳು. ಮಗು ಉಸಿರು ಮರೆಯುವುದು ಕಡಿಮೆಯಾಯಿತು.

"ಏನವ್ವ ಅದು ಔಷಧಿ?" ಎಂದು ಹುಚ್ಚಕ್ಕ ಒಮ್ಮೆ ಕೇಳಿದಳು.

ಸುಚಿತ್ರಾ ನಕ್ಕಳು. ಕೆಲಸದ ನಡುವೆಯೂ ನಗಿಸುವ ಹುಡುಗಿ ಅವಳು. "ನಿನ್ ಮೊಮ್ಮಗಳಿಗೆ ಕಾಫಿ ಕುಡಿಸ್ತಾ ಇದೀನಿ ಅಜ್ಜಿ."

"ಏನಂದೆ?"

"ಹೂಂ ಅಜ್ಜಿ, ಕಾಫೀಲಿರೋ ಸಾರನೇ ಇದು. ಉಸಿರಾಡು ಅಂತ ಮೆದುಳನ್ನ ಎಬ್ಬಿಸ್ತೈತೆ. ಆದ್ರೆ ಬರೀ ಸಾರ, ಕಾಫಿ ಅಲ್ಲ. ಮಗು ತೂಕ ನೋಡಿ ಅಳತೆ ಮಾಡಿ ಕೊಡ್ತೀವಿ, ಎದೆ ಬಡಿತ ನೋಡ್ತಾ ಇರ್ತೀವಿ. ಒಂಚೂರು ಜಾಸ್ತಿ ಆದ್ರೂ ಕಷ್ಟ."

ಹುಚ್ಚಕ್ಕ ಕೊನೆಯ ಮಾತುಗಳನ್ನೂ ಕೇಳಿಸಿಕೊಂಡಳು. ಆದರೆ ಅವಳ ಮನಸ್ಸು ಮೊದಲ ಮಾತಿನಲ್ಲೇ ನಿಂತುಬಿಟ್ಟಿತ್ತು. ಅಳತೆ ತನಗೆ ಗೊತ್ತಿಲ್ಲವೇ? ದೊಡ್ಡ ಮರಿಗೆ ದೊಡ್ಡ ಬತ್ತಿ, ಸಣ್ಣದಕ್ಕೆ ಸಣ್ಣದು. ತನ್ನನ್ನು ಬೈದವರೇ ಈಗ ತನ್ನ ಔಷಧಿಯನ್ನೇ ಗಾಜಿನ ಸೀಸೆಯಲ್ಲಿಟ್ಟು ಕೊಡುತ್ತಿದ್ದಾರೆ. ಆ ಸಂಜೆ ಆಸ್ಪತ್ರೆಯ ಮುಂದೆ ಗಂಡನ ಜೊತೆ ಕುಳಿತು, ಎಷ್ಟೋ ದಿನದ ಮೇಲೆ ನೆಮ್ಮದಿಯಿಂದ ಕಾಫಿ ಕುಡಿದಳು.

"ಕೇಳಿದ್ಯಾ? ನಮ್ಮಪ್ಪ ಇದ್ದಿದ್ರೆ ಇಲ್ಲೇ ಡಾಕ್ಟ್ರಾಗಿರ್ತಿದ್ದ."

"ಹೂಂ, ಒಳಗೆ ಕುರಿ ಕಟ್ಟಿಸ್ತಿದ್ದ," ಎಂದ ಚಿತ್ತಯ್ಯ.

ವಾರಗಳು ಕಳೆದವು. ಮಗು ತೂಕ ಹಿಡಿಯಿತು. ಔಷಧಿ ನಿಲ್ಲಿಸಿ ಕೆಲವು ದಿನ ನೋಡಿ, ತಾನಾಗಿಯೇ ಸರಿಯಾಗಿ ಉಸಿರಾಡುತ್ತದೆ ಎಂದು ಖಾತ್ರಿಯಾದ ಮೇಲೆ ಮನೆಗೆ ಕಳಿಸಿದರು. ಹೊರಡುವಾಗ ಸುಚಿತ್ರಾ ಗಂಗಾಳಿಗೆ ಮಗುವನ್ನು ಎದೆಯ ಬರಿ ಮೈಗೆ ಅಪ್ಪಿಸಿ, ಮೇಲಿಂದ ಸೆರಗು ಸುತ್ತಿ, ಕಾವು ಕೊಡುವುದನ್ನು ಮತ್ತೊಮ್ಮೆ ತೋರಿಸಿದಳು. ಎದೆಹಾಲು ಬಿಟ್ಟು ಏನನ್ನೂ ಕೊಡಬಾರದು, ಹಾಲು ಕುಡಿಯದೆ ಮಂಕಾಗಿ ಮಲಗಿದರೆ ತಕ್ಷಣ ಕರೆದುಕೊಂಡು ಬರಬೇಕು ಎಂದಳು.

ಔಷಧಿ ನಿಲ್ಲಿಸಿದ್ದು ಮಾತ್ರ ಹುಚ್ಚಕ್ಕನಿಗೆ ಸರಿ ಕಾಣಲಿಲ್ಲ. ಬಿದ್ದ ಮರಿ ಒಮ್ಮೆ ಎದ್ದ ಮಾತ್ರಕ್ಕೆ ಬತ್ತಿ ಬಿಡುವವರುಂಟೇ? ಅದು ತಾಯಿಯ ಹಿಂದೆ ಓಡುವ ತನಕ ಕೊಡಬೇಕು.

ಮನೆಗೆ ಬಂದು ಕೆಲವು ದಿನ ಎಲ್ಲವೂ ಚೆನ್ನಾಗಿತ್ತು. ಆಮೇಲೊಂದು ಬೆಳಿಗ್ಗೆ ಗಂಗಾ ಸ್ನಾನಕ್ಕೆ ಹೋದಾಗ ಹುಚ್ಚಕ್ಕ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಬೆಳಗಿನ ಹಾಲು ಅದು ಸರಿಯಾಗಿ ಕುಡಿದಿರಲಿಲ್ಲ. ತುಟಿ ಒಣಗಿದಂತಿತ್ತು. ಕೆನ್ನೆ ತಟ್ಟಿದರೂ ಕಣ್ಣು ಬಿಡಲಿಲ್ಲ. ಹುಚ್ಚಕ್ಕ ಅದರ ಬಾಯಿಗೆ ಬೆರಳಿಟ್ಟು ನೋಡಿದಳು. ಹೇಗೆ ಎದ್ದಳೋ, ಹೇಗೆ ಒಗೆದಿಟ್ಟ ಹತ್ತಿ ಬಟ್ಟೆಯ ತುದಿಯನ್ನು ಹರಿದಳೋ, ಅವಳಿಗೇ ತಿಳಿಯಲಿಲ್ಲ. ಕೈಗೆ ಅಭ್ಯಾಸವಾಗಿದ್ದ ಕೆಲಸ. ಕಿರುಬೆರಳಿಗಿಂತ ಸಣ್ಣ ಬತ್ತಿ ಹೊಸೆದು, ಆರಿದ ಕಾಫಿಯಲ್ಲಿ ಅದ್ದಿ, ಮಗುವಿನ ನಾಲಿಗೆಯ ಮೇಲಿಟ್ಟಳು.

ಮಗು ಮುಖ ಕಿವುಚಿತು. ಚೀಪಿತು. ಬತ್ತಿಯನ್ನು ಇನ್ನೊಮ್ಮೆ ಅದ್ದಿದಳು. ಸ್ವಲ್ಪ ಹೊತ್ತಿಗೆ ಅದು ಕಣ್ಣು ಬಿಟ್ಟು ಅಜ್ಜಿಯನ್ನೇ ನೋಡಿತು. ಗಂಗಾ ಬಂದು ಎದೆಗೆ ಹಾಕಿಕೊಂಡಾಗ ಹಾಲನ್ನೂ ಕುಡಿಯಿತು.

"ಈಗ ಚೆನ್ನಾಗಿ ಕುಡೀತಾ ಐತೆ ಅತ್ತೆ," ಎಂದಳು ಗಂಗಾ ಹಿಗ್ಗಿನಿಂದ.

"ಕುಡೀತೈತೆ, ಕುಡೀತೈತೆ," ಎಂದಳು ಹುಚ್ಚಕ್ಕ. ಬತ್ತಿಯನ್ನು ಒಲೆಗೆ ಹಾಕಿದಳು.

ತಾನು ಮಾಡಿದ್ದು ತಪ್ಪು ಎಂದು ಅವಳಿಗೆ ಅನ್ನಿಸಿರಲಿಲ್ಲ. ಆದರೆ ಹೇಳಿದರೆ ಬೇಡ ಅನ್ನುತ್ತಾರೆ ಎಂಬುದು ಗೊತ್ತಿತ್ತು. ಆದ್ದರಿಂದ ಹೇಳಲಿಲ್ಲ. ಮಾರನೆಯ ದಿನವೂ ಗಂಗಾ ಸ್ನಾನಕ್ಕೆ ಹೋದಾಗ ಬತ್ತಿ ಹೊಸೆದಳು. ಅದರ ಮಾರನೆಯ ದಿನವೂ. ನಿನ್ನೆ ಕೊಟ್ಟದ್ದು ಆ ಪುಟ್ಟ ಮೈಯಿಂದ ಇನ್ನೂ ಇಳಿದಿಲ್ಲ, ಇವತ್ತಿನದು ಅದರ ಮೇಲೆಯೇ ಹೋಗಿ ಕೂರುತ್ತದೆ ಎಂಬುದು ಅವಳ ಲೆಕ್ಕದಲ್ಲಿ ಇರಲಿಲ್ಲ. ಕುರಿಮರಿಗಳ ವಿಷಯದಲ್ಲಿ ಆ ಲೆಕ್ಕ ಎಂದೂ ಬೇಕಾಗಿರಲಿಲ್ಲ. ಅವು ಒಂದು ಬತ್ತಿಗೆ ಎದ್ದು, ಬಂದವರ ಕಂಬಳಿಯಲ್ಲೇ ವಾಪಸ್ಸು ಹೋಗುತ್ತಿದ್ದವು. ಆಮೇಲೆ ಅವುಗಳಿಗೆ ಏನಾಯಿತೆಂದು ಎಲ್ಲರ ಮನೆಗೆ ಹೋಗಿ ಕೇಳಿದವರಾರು?

ಆ ಮೂರನೆಯ ದಿನ ಮಧ್ಯಾಹ್ನ ಮಗು ಮಲಗಲಿಲ್ಲ. ಕಣ್ಣು ಅಗಲವಾಗಿ ತೆರೆದೇ ಇತ್ತು. ಕುಡಿದ ಹಾಲನ್ನೆಲ್ಲ ಕಕ್ಕಿತು. ಕೈಕಾಲು ಸಣ್ಣಗೆ ನಡುಗುತ್ತಿದ್ದವು. ಗಂಗಾ ಹಿಡಿದರೂ ನಿಲ್ಲಲಿಲ್ಲ.

"ಅತ್ತೆ, ಎದೆ ಮುಟ್ಟಿ ನೋಡ್ರಿ. ಹೆಂಗ್ ಬಡ್ಕಂತೈತೆ!"

ಹುಚ್ಚಕ್ಕ ಅಂಗೈ ಇಟ್ಟಳು. ಆ ಬಡಿತ ಅವಳಿಗೆ ಚೆನ್ನಾಗಿ ಪರಿಚಯವಿತ್ತು. ನಿದ್ದೆ ಬಾರದ ರಾತ್ರಿಗಳಲ್ಲಿ ಅವಳ ಎದೆಯೊಳಗೆ ಬಡಿಯುತ್ತಿದ್ದದ್ದು ಅದೇ. ಇಲ್ಲಿ ಅದು ಎಣಿಸಲಾರದಷ್ಟು ಜೋರಾಗಿ ಓಡುತ್ತಿತ್ತು. ಇದು ಏನೆಂದು ಆ ಕ್ಷಣದಲ್ಲಿ ಅವಳಿಗೆ ಗೊತ್ತಾಯಿತು.

"ಯೋಗೇಶಂಗೆ ಫೋನ್ ಮಾಡು," ಎಂದಳು. ಅಷ್ಟೇ ಹೇಳಿದಳು.

ಯೋಗೇಶ ಅರ್ಧ ದಾರಿಯಿಂದಲೇ ಗಾಡಿ ತಿರುಗಿಸಿಕೊಂಡು ಬಂದ. ಗಂಗಾ ಮಗುವನ್ನೆತ್ತಿಕೊಂಡು ಮುಂದೆ ಕುಳಿತಳು. ಹುಚ್ಚಕ್ಕ ಹಿಂದೆ, ಕಾಯಿ ತುಂಬುವ ಜಾಗದಲ್ಲಿ, ತೆಂಗಿನ ನಾರಿನ ಮೇಲೆ ಕುಳಿತಳು. ಸಣ್ಣ ಗಾಜಿನಿಂದ ಸೊಸೆಯ ತಲೆಯ ಹಿಂಭಾಗ ಕಾಣುತ್ತಿತ್ತು. ದಾರಿಯುದ್ದಕ್ಕೂ ಆ ತಲೆ ಮಗುವಿನ ಮೇಲೆ ಬಗ್ಗಿಯೇ ಇತ್ತು. ಗಾಜು ತಟ್ಟಿ ಹೇಳಿಬಿಡಬಹುದಿತ್ತು. ಗಾಡಿಯ ಸದ್ದಿಗೆ ಕೇಳಿಸುವುದಿಲ್ಲ ಎಂದುಕೊಂಡಳು.

ಹಿರಿಯೂರಿನ ಆಸ್ಪತ್ರೆಯಲ್ಲಿ ಮಗುವಿನ ಮೈ ಒಮ್ಮೆ ಸೆಟೆದು, ಕಣ್ಣು ಮೇಲಕ್ಕೆ ಹೋಯಿತು. ಅಲ್ಲಿನ ಡಾಕ್ಟರು ಆಮ್ಲಜನಕ ಕೊಟ್ಟು, ಆಂಬುಲೆನ್ಸಿಗೆ ಹೇಳಿ, ಅವಸರದಲ್ಲೇ ಕೇಳಿದರು. "ಎದೆಹಾಲು ಬಿಟ್ಟು ಬೇರೆ ಏನಾದ್ರೂ ಕೊಟ್ಟಿದ್ರಾ? ಜೇನುತುಪ್ಪ, ಬಜೆ, ಹರಳೆಣ್ಣೆ, ಗ್ರೈಪ್ ವಾಟರ್, ಏನಾದ್ರೂ?"

"ಏನೂ ಇಲ್ಲ ಸಾರ್," ಎಂದಳು ಗಂಗಾ.

ಡಾಕ್ಟರು ಹುಚ್ಚಕ್ಕನ ಕಡೆ ತಿರುಗಿದರು. ಜೇನು ಕೊಟ್ಟಿರಲಿಲ್ಲ. ಬಜೆ ತೇಯ್ದಿರಲಿಲ್ಲ. ಹರಳೆಣ್ಣೆ ಮುಟ್ಟಿರಲಿಲ್ಲ. ಅವಳು ಇಲ್ಲವೆಂದು ತಲೆಯಾಡಿಸಿದಳು.

ಆಂಬುಲೆನ್ಸಿನಲ್ಲಿ ಹೆದ್ದಾರಿ ಹಿಡಿದು ದುರ್ಗದ ಕಡೆ ಹೋಗುವಾಗ ಗಂಗಾ ಮಗುವಿನ ಅಂಗಾಲನ್ನು, ಸುಚಿತ್ರಾ ಮಾಡುತ್ತಿದ್ದ ಹಾಗೆ, ತಟ್ಟುತ್ತಲೇ ಇದ್ದಳು. ಬೆರಳು ನಿಲ್ಲಿಸಲು ಅವಳಿಗೆ ಭಯ. ಎದುರಿಗೆ ಕುಳಿತಿದ್ದ ಹುಚ್ಚಕ್ಕನ ಬಾಯಿಯವರೆಗೆ ಮಾತು ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ಈಗ ಹೇಳಿದರೆ ಗಾಡಿಯಲ್ಲಿ ಏನು ಮಾಡುತ್ತಾರೆ? ಅಲ್ಲಿ ದೊಡ್ಡ ಡಾಕ್ಟರು ಇದ್ದಾರೆ. ಅವರಿಗೆ ತಾನಾಗಿಯೇ ತಿಳಿಯುತ್ತದೆ. ತಾನು ಬಾಯಿ ಬಿಡುವ ಮೊದಲೇ ಅವರು ಮಗುವನ್ನು ಉಳಿಸಿಬಿಟ್ಟರೆ, ಯಾರಿಗೂ ಏನೂ ಗೊತ್ತಾಗದೆ ಎಲ್ಲವೂ ಮೊದಲಿನಂತೆ ಇರುತ್ತದೆ. ದಾರಿಯಲ್ಲಿ ಅವಳು ಬೇಡಿಕೊಂಡದ್ದು ಅದನ್ನೇ.

ದುರ್ಗದ ಆಸ್ಪತ್ರೆಯಲ್ಲಿ ಮಗುವನ್ನು ಕಂಡ ತಕ್ಷಣ ಸುಚಿತ್ರಾಳ ನಗು ನಿಂತುಹೋಯಿತು. ಡಾಕ್ಟರಮ್ಮ ಬಂದರು. ಸೋಂಕು ಇರಬಹುದು, ರಕ್ತ ತೆಗೆಯಿರಿ ಎಂದರು. ಅಷ್ಟರಲ್ಲಿ ಮಗು ಉಸಿರು ನಿಲ್ಲಿಸಿತು. ತಟ್ಟಿದರು, ಚೀಲ ಒತ್ತಿ ಗಾಳಿ ಕೊಟ್ಟರು, ಮತ್ತೆ ಉಸಿರು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ನಿಂತಿತು.

"ಮತ್ತೆ ಉಸಿರು ಮರೀತಿದೆ. ಹಿಂದಿನ ಔಷಧೀನೇ ಶುರು ಮಾಡೋಣ. ಮೊದಲನೇ ಡೋಸ್ ತಯಾರು ಮಾಡಿ," ಎಂದರು ಡಾಕ್ಟರಮ್ಮ.

ಸುಚಿತ್ರಾ ಸೀಸೆ ಒಡೆದು ಸಿರಿಂಜಿಗೆ ಎಳೆದುಕೊಂಡಳು. ಬಾಗಿಲ ಬಳಿ ನಿಂತಿದ್ದ ಹುಚ್ಚಕ್ಕನಿಗೆ ಆ ಸೀಸೆಯ ಗುರುತು ಸಿಕ್ಕಿತು. ತಾನಾಗಿಯೇ ತಿಳಿಯುತ್ತದೆ ಎಂದುಕೊಂಡಿದ್ದಳಲ್ಲ, ಯಾರಿಗೂ ತಿಳಿದಿರಲಿಲ್ಲ. ತಿಳಿಯಲು ದಾರಿಯೂ ಇರಲಿಲ್ಲ. ಇರುವುದರ ಮೇಲೆ ಇನ್ನಷ್ಟು ಹೋಗುತ್ತದೆ. ಅವಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ ಸುಚಿತ್ರಾಳ ಕೈ ಹಿಡಿದುಕೊಂಡಳು.

"ಕೊಡಬ್ಯಾಡವ್ವ. ನಾನು ಕೊಟ್ಟೀನಿ."

"ಏನ್ ಕೊಟ್ಟಿದೀಯಾ ಅಜ್ಜಿ?"

"ಕಾಪಿ. ಬತ್ತಿ ಕಾಪಿ. ಮರಿಗೆ ಕೊಡ್ತೀವಲ್ಲ, ಹಂಗೆ."

ಡಾಕ್ಟರಮ್ಮ ಸಿರಿಂಜನ್ನು ಬದಿಗಿಡಿಸಿ, ಯಾವಾಗ, ಎಷ್ಟು, ಯಾವ ತರದ ಕಾಫಿ ಎಂದು ಒಂದೊಂದಾಗಿ ಕೇಳಿದರು. ಬೈಯಲಿಲ್ಲ. ಹುಚ್ಚಕ್ಕ ಕಿರುಬೆರಳು ಎತ್ತಿ ಬತ್ತಿಯ ಅಳತೆ ತೋರಿಸಿದಳು.

"ಇದನ್ನ ಮೈಯಿಂದ ಎಳೆದು ಹಾಕೋ ಸುಲಭದ ಮದ್ದಿಲ್ಲ," ಎಂದರು ಡಾಕ್ಟರಮ್ಮ ಗಂಗಾಳಿಗೆ. "ಫಿಟ್ಸ್ ಬರದ ಹಾಗೆ, ಉಸಿರು ನಿಲ್ಲದ ಹಾಗೆ, ಎದೆ ಬಡಿತ ಕೈ ಮೀರದ ಹಾಗೆ ಕಾಯಬೇಕು. ದೊಡ್ಡವರಿಗಾದರೆ ನಾಳೆಗೆ ಇಳಿಯುತ್ತೆ. ಇವಳಿಗೆ ದಿನಗಳು ಬೇಕು. ಈಗಲಾದರೂ ಹೇಳಿದ್ರಲ್ಲ."

ಗಂಗಾ ಅತ್ತೆಯನ್ನು ನೋಡಿದಳು. ಅಳು ಇರಲಿಲ್ಲ, ಕೂಗು ಇರಲಿಲ್ಲ.

"ಹಿರಿಯೂರಲ್ಲಿ ಡಾಕ್ಟ್ರು ಕೇಳ್ದಾಗ ನೀವಲ್ಲೇ ಇದ್ರಿ ಅತ್ತೆ."

"ಅವ್ರು ಕಾಪಿ ಅನ್ಲಿಲ್ಲ ಗಂಗಾ."

"ನೀವೂ ಅನ್ಲಿಲ್ಲ."

ಹುಚ್ಚಕ್ಕ ಬಾಗಿಲ ಹೊರಗೆ ಹೋಗಿ ಚಪ್ಪಲಿ ಬಿಟ್ಟಳು.

ಕಾಯುವ ದಿನಗಳು ಶುರುವಾದವು. ಹುಚ್ಚಕ್ಕ ಹೊರಗಿನ ಬೆಂಚಿನ ಮೇಲೆ ಕುಳಿತೇ ಇದ್ದಳು. ಊರಿನಿಂದ ಬಂದ ಚಿತ್ತಯ್ಯ ಹೋಟೆಲಿನಿಂದ ಕಾಗದದ ಲೋಟದಲ್ಲಿ ಕಾಫಿ ತಂದು ಪಕ್ಕದಲ್ಲಿಟ್ಟ. ಎಂದಿನಂತೆ ತಮಾಷೆ ಮಾಡಲು ಅವನಿಗೆ ಧೈರ್ಯ ಬರಲಿಲ್ಲ. ಅವಳು ಲೋಟವನ್ನು ದೂರ ತಳ್ಳಿದಳು. ಸಂಜೆಗೆ ತಲೆ ಸಿಡಿಯತೊಡಗಿತು. ಮರುದಿನ ಕಣ್ಣು ಬಿಡಲಾಗದಷ್ಟು ನೋವು, ವಾಂತಿ, ಮೈಯೆಲ್ಲ ನಡುಕ.

"ಒಂದೇ ಗುಟುಕು ಕುಡಿಯೇ, ಹಠ ಮಾಡಬ್ಯಾಡ," ಎಂದ ಚಿತ್ತಯ್ಯ.

"ಅದುನ್ನ ಅತ್ಲಾಗೆ ತಗಂಡೋಗು. ವಾಸ್ನೆ ಬಂದ್ರೆ ಒಳಗೆ ಕೂಸಿನ ಎದೆ ಬಡ್ಕಂಡಂಗೆ ಕೇಳ್ತೈತೆ."

ಸೆರಗಿನಿಂದ ತಲೆ ಬಿಗಿದುಕೊಂಡು ಗೋಡೆಗೊರಗಿ ಕುಳಿತಾಗ ಅವಳಿಗೆ ಬೇರೆ ಏನೇನೋ ನೆನಪಾಯಿತು. ಮೊಲೆ ಹಿಡಿಯದೆ ಹೋದ ತನ್ನ ಎರಡು ಕೂಸುಗಳು. ಗಂಗಾಳ ಮೊದಲ ಬಸಿರು. ಇವುಗಳಿಗೆಲ್ಲ ಅದೇ ಕಾರಣವೋ ಅಲ್ಲವೋ ಹೇಳುವವರಿರಲಿಲ್ಲ. ಡಾಕ್ಟರಮ್ಮನನ್ನು ಕೇಳಿದರೂ ಹೇಳಲಾರರು. ಆದರೆ ಈಗ ಅವಳಿಗೆ ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡದೆ ಇರಲು ಆಗುತ್ತಿರಲಿಲ್ಲ.

ಮಗು ಉಳಿಯಿತು. ನಡುಕ ನಿಧಾನವಾಗಿ ಇಳಿಯಿತು, ಎದೆ ತನ್ನ ದಾರಿಗೆ ಬಂತು. ಉಸಿರು ನಿಂತ ಹೊತ್ತು, ಮೈ ಸೆಟೆದ ಹೊತ್ತು ಮೆದುಳಿಗೆ ಏನು ಮಾಡಿದೆಯೋ ಈಗಲೇ ತಿಳಿಯುವುದಿಲ್ಲ, ಕತ್ತು ಯಾವಾಗ ನಿಲ್ಲುತ್ತದೆ, ಬೆಳಕಿನ ಕಡೆ ನೋಡುತ್ತದೆಯೇ, ಕರೆದರೆ ತಿರುಗುತ್ತದೆಯೇ ಎಂದು ತಿಂಗಳು ತಿಂಗಳೂ ತೋರಿಸಬೇಕು ಎಂದರು ಡಾಕ್ಟರಮ್ಮ.

ಆಸ್ಪತ್ರೆಯಿಂದ ಗಂಗಾ ಯಲ್ಲದಕೆರೆಗೆ ಬರಲಿಲ್ಲ. ಮಗುವನ್ನು ಎತ್ತಿಕೊಂಡು ಶ್ರೀರಾಂಪುರದ ತವರಿಗೆ ಹೋದಳು. ಯೋಗೇಶ ಕಾಯಿ ಲೋಡು ಹೊಡೆಯುವ ದಿನಗಳಲ್ಲಿ ಅಲ್ಲೇ ಉಳಿದುಕೊಳ್ಳುತ್ತಿದ್ದ. ಮಗುವಿಗೆ ಕೀರ್ತನಾ ಎಂದು ಹೆಸರಿಟ್ಟ ಸುದ್ದಿ ಹುಚ್ಚಕ್ಕನಿಗೆ ಅವನ ಬಾಯಿಂದಲೇ ತಿಳಿಯಿತು.

ಒಮ್ಮೆ ತಾನೇ ಬಸ್ಸು ಹತ್ತಿ ಹೋದಳು. ಗಂಗಾ ಚಾಪೆ ಹಾಸಿದಳು. "ಬರ್ರಿ ಅತ್ತೆ, ಕುಂತ್ಕಳ್ರಿ," ಎಂದಳು. ಮಜ್ಜಿಗೆ ಕೊಟ್ಟಳು. ಮಾತಿನಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಮಗು ತೊಟ್ಟಿಲಲ್ಲಿ ಕಾಲಾಡಿಸುತ್ತಿತ್ತು. ಹುಚ್ಚಕ್ಕ ಎದ್ದು ಹತ್ತಿರ ಹೋಗುತ್ತಿದ್ದಂತೆ ಗಂಗಾಳೂ ಎದ್ದು ತೊಟ್ಟಿಲಿನ ಆಚೆ ಬದಿಯಲ್ಲಿ ನಿಂತಳು. ಹಗ್ಗದ ಮೇಲೆ ಕೈಯಿಟ್ಟಳು, ಅಷ್ಟೇ. ಹುಚ್ಚಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೊಮ್ಮಗಳನ್ನು ನೋಡಿದಳು. ಮಗು ಅವಳ ಕಡೆ ತಿರುಗಲಿಲ್ಲ. ಮೂಗುತಿಯ ಹೊಳಪಿಗಾದರೂ ತಿರುಗೀತೆಂದು ತಲೆ ಆಚೀಚೆ ಆಡಿಸಿದಳು. ಮಗು ಸೂರಿನ ಕಡೆಯೇ ನೋಡುತ್ತಿತ್ತು. ಇನ್ನೂ ಸಣ್ಣದು, ಅದಕ್ಕೆ ಎಂದುಕೊಂಡಳು.

ಮತ್ತೆ ಮಾಗಿ ಬಂತು. ಒಂದು ಬೆಳಿಗ್ಗೆ ಓಬಳೇಶ ಕಂಬಳಿಯಲ್ಲಿ ಮರಿ ಸುತ್ತಿಕೊಂಡು ಬಂದ. ಕುರಿಯವನು, ಪಕ್ಕದ ಹಟ್ಟಿಯವನು.

"ಹುಚ್ಚಕ್ಕ, ಎದ್ದಿಲ್ಲ ಕಣವ್ವ ಇದು. ಬತ್ತಿ ಹಾಕು."

ಒಲೆಯ ಮೇಲೆ ಚೆಂಬು ಇರಲಿಲ್ಲ. ಅದನ್ನು ಅವಳು ಬೂದಿಯಲ್ಲಿ ಉಜ್ಜಿ, ಮಸಿ ತೆಗೆದು, ಅಟ್ಟಕ್ಕೆ ಹಾಕಿ ಎಷ್ಟೋ ದಿನವಾಗಿತ್ತು. ಹುಚ್ಚಕ್ಕ ಮರಿಯ ಬಾಯಿಗೆ ಬೆರಳಿಟ್ಟು ನೋಡಿದಳು. ಆಮೇಲೆ ಬಿಸಿಲು ಬೀಳುವ ಕಡೆ ಕುಳಿತು, ಸೆರಗು ಸರಿಸಿ ಮರಿಯನ್ನು ಹೊಟ್ಟೆಯ ಬರಿ ಮೈಗೆ ಅಪ್ಪಿಸಿಕೊಂಡು, ಮೇಲಿಂದ ಸೆರಗು ಸುತ್ತಿದಳು. "ತಾಯಿ ಹಾಲು ಹಿಂಡ್ಕಂಬಾ," ಎಂದಳು.

"ಕಾಪಿ ಹಾಕಲ್ವೇನವ್ವ?"

"ಹಾಲು ತಾರಪ್ಪ."

ಓಬಳೇಶ ಗೊಣಗಿಕೊಂಡು ಹೋಗಿ ಹಾಲು ತಂದ. ಹುಚ್ಚಕ್ಕ ತೊಟ್ಟುತೊಟ್ಟಾಗಿ ಬಿಟ್ಟಳು. ಮರಿಯ ಗಂಟಲು ಒಮ್ಮೆ ಅಲುಗಿತು, ಹಾಲು ಬಾಯಿಯ ಬದಿಯಿಂದ ಹೊರಗೆ ಬಂತು. ಬಿಸಿಲು ಏರಿತು. ಅವಳು ಕದಲಲಿಲ್ಲ. ಹೊಟ್ಟೆಗೆ ತಾಗಿದ್ದ ಸಣ್ಣ ಬಡಿತ ಯಾವಾಗಲೋ ನಿಂತಿತ್ತು. ತನ್ನದು ಯಾವುದು, ಮರಿಯದು ಯಾವುದು ಎಂದು ಅವಳಿಗೆ ಬೇಗ ತಿಳಿಯಲಿಲ್ಲ.

ಸೆರಗು ಬಿಚ್ಚಿ ಮರಿಯನ್ನು ಅವನ ಕೈಗಿಟ್ಟಳು.

"ಒಂದೇ ಒಂದು ಬತ್ತಿ ಹಾಕಿದ್ರೆ ಎದ್ದೇಳ್ತಿತ್ತಲ್ಲವ್ವ," ಎಂದ ಓಬಳೇಶ ಬೇಸರದಿಂದ.

"ಏಳ್ತಿತ್ತೇನೋ," ಎಂದಳು ಹುಚ್ಚಕ್ಕ.

ಅವನು ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟ. ಮರಿ ತಾಗಿದ್ದ ಕಡೆ ಅವಳ ಹೊಟ್ಟೆಯ ಮೇಲೆ ಹಾಲಿನ ಹಸಿ ಇನ್ನೂ ಇತ್ತು. ಅದನ್ನು ಒರೆಸಿಕೊಳ್ಳದೆ ಅವಳು ಬಿಸಿಲಲ್ಲೇ ಕುಳಿತಿದ್ದಳು.